ಬೆರಳಿಗೆ ಮಾತ್ರ ಗೊತ್ತಿದ್ದದ್ದು

ಮನುಷ್ಯ ಉಸಿರಾಡುವುದನ್ನೇ ಮರೆತರೆ ಏನಾದೀತು ಎಂದು ಆ ಜ್ವರ ಬರುವ ತನಕ ಯಾರೂ ಕೇಳಿಕೊಂಡಿರಲಿಲ್ಲ. ಮೂರೇ ದಿನದ ಜ್ವರ. ಮೈ ಸುಡುತ್ತಿತ್ತು, ಗೋಣು ಹಿಡಿದುಕೊಳ್ಳುತ್ತಿತ್ತು, ನಾಲ್ಕನೆಯ ದಿನ ಜನ ಎದ್ದು ಕೂತು ಗಂಜಿ ಕುಡಿದು ಗೆದ್ದೆವು ಎಂದುಕೊಳ್ಳುತ್ತಿದ್ದರು. ಹದಿನೈದು ದಿನ ಕಳೆದ ಮೇಲೆ ನೂರರಲ್ಲಿ ಒಬ್ಬರಿಗೆ ಉಸಿರೆಳೆಯುವ ಸ್ನಾಯು, ಅಂದರೆ ಎದೆಗೂಡಿನ ತಳದಲ್ಲಿರುವ ವಪೆ, ನಿಂತುಬಿಡುತ್ತಿತ್ತು. ಮಿದುಳಿನಿಂದ ಅಲ್ಲಿಗೆ ಇಳಿಯುವ ನರ ಸುದ್ದಿ ಮುಟ್ಟಿಸುವ ಕೆಲಸವನ್ನೇ ಬಿಟ್ಟುಬಿಡುತ್ತಿತ್ತು. ಅಂಥವರು ಕೊರಳಿಗೆ ಕೊಳವೆ ಹಾಕಿಸಿಕೊಂಡು ಯಂತ್ರದ ಮಗ್ಗುಲಲ್ಲೇ ದಿನ ದೂಡಬೇಕಾಗಿತ್ತು.

ಅದಕ್ಕೆ ಮದ್ದಾಗಿ ಬಂದದ್ದು ಬಿಲ್ಲೆ. ವೈದ್ಯರು ಕಾಗದದ ಮೇಲೆ ಶ್ವಾಸಫಲಕ ಎಂದು ಬರೆಯುತ್ತಿದ್ದರು. ಜನ ಮೊದಲ ದಿನದಿಂದಲೂ ಬಿಲ್ಲೆ ಎಂದೇ ಕರೆದರು. ಅಂಚೆಚೀಟಿಯಷ್ಟು ಅಗಲದ ಒಂದು ಸರ್ಕಿಟ್ ಬೋರ್ಡು. ಪಕ್ಕೆಲುಬಿನ ಕೆಳಗೆ ಕೂತು ನಿಮಿಷಕ್ಕೆ ಹದಿನಾಲ್ಕು ಸಲ ನರವನ್ನು ಮೆಲ್ಲಗೆ ತಟ್ಟಿ, ಮಲಗಿದ ವಪೆಯನ್ನು ಎಬ್ಬಿಸುತ್ತಿತ್ತು. ತೊಡಕು ಒಂದೇ: ಒಬ್ಬರ ನರ ಕವಲೊಡೆದ ಹಾಗೆ ಇನ್ನೊಬ್ಬರದು ಒಡೆಯುವುದಿಲ್ಲ. ಬೋರ್ಡಿನ ಎಂಟು ತುದಿಗಳು ಆ ಕವಲುಗಳ ಮೇಲೇ ಕೂರಬೇಕು. ಹೀಗಾಗಿ ದರ್ಜಿ ಅಂಗಿಗೆ ಅಳತೆ ತೆಗೆದ ಹಾಗೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಬೋರ್ಡು ಬಿಡಿಸಬೇಕಿತ್ತು.

ಬಿಡಿಸುವವರು ಎಲ್ಲ ಸೇರಿ ನಾಲ್ಕು ಜನ. ಹುಬ್ಬಳ್ಳಿ ಧಾರವಾಡಗಳ ನಡುವೆ ರಾಯಾಪುರದಲ್ಲಿದ್ದ ಶ್ವಾಸಫಲಕ ಕೇಂದ್ರದಲ್ಲಿ ಕಂಪ್ಯೂಟರಿನ ಮುಂದೆ ಕೂತು ಒಬ್ಬೊಬ್ಬರು ಮೂರು ದಿನಕ್ಕೊಂದು ಬೋರ್ಡು ಮುಗಿಸುತ್ತಿದ್ದರು. ಅವರಲ್ಲಿ ಹಿರಿಯಳು ನೀಲಾಂಬಿಕಾ ಕಮತರ. ಅವಳ ಗಂಡ ಚಂಬಣ್ಣ ಬಸ್ ಕಂಡಕ್ಟರ್. ತೀರ ಎತ್ತರದ ಮನುಷ್ಯ, ಜ್ವರ ಬಂದುಹೋದ ಮೇಲೆ ಅವನೂ ಕೊಳವೆ ಹಾಕಿಸಿಕೊಂಡು ಮಲಗಿದ್ದ. ಬಿಲ್ಲೆಗೆ ಕಾದವರ ಸಾಲಿನಲ್ಲಿ ಅವನದು ಸಾವಿರದ ನೂರಾ ನಲವತ್ತನೆಯ ಹೆಸರು. ತಮ್ಮವರ ಬೋರ್ಡನ್ನು ತಾವು ಬಿಡಿಸಬಾರದು, ಸಾಲು ಮುರಿಯಬಾರದು ಎಂಬುದು ಕೇಂದ್ರದ ಕಟ್ಟುನಿಟ್ಟು. ನಾಲ್ಕು ಜನರ ಕೈಯಲ್ಲಿ ಅವನ ಸರದಿ ಬರಲು ಸುಮಾರು ಮೂರು ವರ್ಷ ಬೇಕಿತ್ತು. ಕೊಳವೆಯ ನಂಜು ಏರುತ್ತಿದೆ, ಒಂದು ವರ್ಷಕ್ಕಿಂತ ಹೆಚ್ಚು ಭರವಸೆ ಕೊಡಲಾರೆವು ಎಂದು ಡಾಕ್ಟರು ಹೇಳಿಯಾಗಿತ್ತು.

ಸಾಲು ಮುರಿಯುವಂತಿಲ್ಲವಾದರೆ ಸಾಲನ್ನೇ ಓಡಿಸೋಣ ಎಂದುಕೊಂಡಳು ನೀಲಾಂಬಿಕಾ. ಬೋರ್ಡು ಬಿಡಿಸುವ ತಂತ್ರಾಂಶಕ್ಕೆ ಎರಡು ಮುಖ. ಒಂದು ಎಲ್ಲರಿಗೂ ಗೊತ್ತಿರುವ ಕಿಟಕಿ. ಬೋರ್ಡಿನ ಚಿತ್ರ ಕಣ್ಣೆದುರಿಗಿರುತ್ತದೆ, ಮೌಸ್ ಹಿಡಿದು ಎಳೆದು ಕೂಡಿಸಬಹುದು. ಇನ್ನೊಂದು ಬರೀ ಕಪ್ಪು ಪರದೆ. ಚಿತ್ರವಿಲ್ಲ, ಬಣ್ಣವಿಲ್ಲ. ತುದಿ ಸರಿಸು, ಗೆರೆ ಎಳೆ, ನಿಯಮ ಪರೀಕ್ಷಿಸು, ಕಾರ್ಖಾನೆಗೆ ಕಡತ ಕಟ್ಟು ಎಂದು ಒಂದೊಂದೇ ಸಾಲಿನ ಆದೇಶ ಟೈಪು ಮಾಡಬೇಕು. ಆ ಸಾಲುಗಳನ್ನೆಲ್ಲ ಪೋಣಿಸಿ ಒಂದೇ ಆದೇಶ ಮಾಡಿಟ್ಟರೆ ಮನುಷ್ಯರು ಕೂರಲೇಬೇಕಿಲ್ಲ. ರೋಗಿಯ ಅಳತೆ ಕೊಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಬೋರ್ಡು ತಯಾರು.

ಎರಡು ತಿಂಗಳು ಅವಳು ತನ್ನ ಕೈಯನ್ನು ತಾನೇ ಕಾವಲು ಕಾದಳು. ಮೊದಲು ಏನು ಮಾಡುತ್ತೇನೆ, ಆಮೇಲೆ ಏನು, ಯಾವಾಗ ಅನುಮಾನ ಬಂದು ಹಿಂದೆ ಹೋಗುತ್ತೇನೆ, ಎಲ್ಲವನ್ನೂ ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಬರೆದಿಟ್ಟು, ಬರೆದದ್ದನ್ನೆಲ್ಲ ಆದೇಶವಾಗಿಸಿದಳು. ಮೊದಲ ನೂರು ರೋಗಿಗಳ ಅಳತೆಯ ಸರಾಸರಿ ತೆಗೆದು ಒಂದು ಮಾದರಿ ಬೋರ್ಡು ಮಾಡಿಟ್ಟಳು. ಆದೇಶ ಅದನ್ನು ತೆರೆದು, ಎಂಟು ತುದಿಗಳನ್ನು ಆಯಾ ರೋಗಿಯ ಅಳತೆಗೆ ಸರಿಸುತ್ತಿತ್ತು. ಕೇಂದ್ರದ ಮುಖ್ಯಸ್ಥ ಡಾಕ್ಟರ್ ಹಂಚಿನಾಳ ಮೊದಲ ಬೋರ್ಡು ಬಂದ ದಿನ ಎಲ್ಲರಿಗೂ ಧಾರವಾಡ ಪೇಡೆ ಹಂಚಿಸಿದರು. ಅಂದಿನಿಂದ ಬೋರ್ಡಿಗಾಗಿ ಯಾರೂ ಕಾಯಲಿಲ್ಲ. ಶಸ್ತ್ರಚಿಕಿತ್ಸೆಯ ಮೇಜು ಖಾಲಿಯಾಗುವುದಕ್ಕಷ್ಟೇ ಕಾದರು. ಒಂಬತ್ತನೆಯ ತಿಂಗಳು ಚಂಬಣ್ಣನಿಗೆ ಬಿಲ್ಲೆ ಕೂಡಿಸಿದರು. ಕೊಳವೆ ತೆಗೆದ ದಿನ ಅವನು ಬಾಯಿಬಿಟ್ಟು ಆಡಿದ ಮೊದಲ ಮಾತು, ಹಸಿವಾಗಿದೆ ಎಂಬುದು.

ಇದೆಲ್ಲ ಆಗಿ ಎರಡು ವರ್ಷ ಏಳು ತಿಂಗಳಾಗಿತ್ತು. ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಜನ ಆ ಆದೇಶದಿಂದ ಹುಟ್ಟಿದ ಬಿಲ್ಲೆ ಹೊತ್ತು ಓಡಾಡುತ್ತಿದ್ದರು. ಅವರಲ್ಲಿ ಹನ್ನೊಂದು ಜನ ಕಳೆದ ನಾಲ್ಕು ತಿಂಗಳಲ್ಲಿ ಕೂತಲ್ಲೇ, ನಡೆಯುವಾಗಲೇ, ಇದ್ದಕ್ಕಿದ್ದ ಹಾಗೆ ಹೋಗಿಬಿಟ್ಟಿದ್ದರು.

ಯಾಕೆಂದು ಬೇಗ ಗೊತ್ತಾಗದಿರಲು ಒಂದು ಕಾರಣವಿತ್ತು. ಸತ್ತವರ ಮೈಯಿಂದ ಬಿಲ್ಲೆ ತೆಗೆಯಲು ಮನೆಯವರು ಒಪ್ಪುತ್ತಿರಲಿಲ್ಲ. ಇಷ್ಟು ವರ್ಷ ಉಸಿರು ಕೊಟ್ಟದ್ದು, ಅದೂ ಅವರ ಜೊತೆಗೇ ಮಣ್ಣಿಗೆ ಹೋಗಲಿ ಎಂಬ ಪದ್ಧತಿ ಯಾರೂ ಹೇಳಿಕೊಡದೆಯೇ ಊರೂರಲ್ಲಿ ಬೆಳೆದುಬಿಟ್ಟಿತ್ತು. ಕೆಲವು ಕಡೆ ಹೂಳುವ ಮೊದಲು ಬಿಲ್ಲೆಯಿದ್ದ ಜಾಗಕ್ಕೆ ಅರಿಸಿನ ಹಚ್ಚುತ್ತಿದ್ದರು. ಕೇಂದ್ರದ ಪರೀಕ್ಷಕ ಇಮ್ತಿಯಾಜ್ ಸವಣೂರ ಮನೆಮನೆಗೆ ಅಲೆದು, ಕೈಮುಗಿದು, ಕೊನೆಗೆ ಮೂರು ಬಿಲ್ಲೆ ತಂದ. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಮಾರ್ಚ್ ತಿಂಗಳ ಒಂದು ಮುಂಜಾನೆ ನೀಲಾಂಬಿಕಾಳನ್ನು ಸೂಕ್ಷ್ಮದರ್ಶಕದ ಮುಂದೆ ಕೂಡಿಸಿ, ನೋಡಿ ಎಂದ.

ಬೋರ್ಡಿನ ಖಾಲಿ ಜಾಗದಲ್ಲೆಲ್ಲ ತೆಳುವಾಗಿ ತಾಮ್ರ ಹಾಸಿರುತ್ತದೆ. ತುದಿಗಳಿಗೂ ಆ ಹಾಸಿಗೂ ನಡುವೆ ಇಷ್ಟು ಅಂತರ ಇರಲೇಬೇಕೆಂದು ನಿಯಮ. ಈ ಬೋರ್ಡಿನಲ್ಲಿ ಆ ಅಂತರ ಕೂದಲೆಳೆಯಷ್ಟೂ ಇರಲಿಲ್ಲ. ಅಲ್ಲಿ ಮೈಯ ತೇವ ಇಳಿದು, ತುದಿಯಿಂದ ಹಾಸಿನ ಕಡೆಗೆ ಲೋಹದ ಸಣ್ಣದೊಂದು ಮೀಸೆ ಬೆಳೆದು ಎರಡನ್ನೂ ಕೂಡಿಸಿಬಿಟ್ಟಿತ್ತು. ಕೂಡಿದ ಗಳಿಗೆಯಲ್ಲೇ ಬಿಲ್ಲೆ ಸತ್ತಿತ್ತು, ಹೊತ್ತವರೂ ಸತ್ತಿದ್ದರು. ಮೂರು ಬಿಲ್ಲೆಗಳಲ್ಲೂ ಅದೇ ಕಥೆ. ನೀಲಾಂಬಿಕಾಳಿಗೆ ಸಿಟ್ಟು ಬಂತು. ತಾಮ್ರ ಕೊರೆಯುವ ಕಾರ್ಖಾನೆಯವರು ಕೈಕೊಟ್ಟಿದ್ದಾರೆ, ತನ್ನ ನಿಯಮದಲ್ಲಿ ಅಂತರ ಸರಿಯಾಗಿಯೇ ಇದೆ ಎಂದಳು. ಅವರನ್ನು ಬೈಯುವುದಕ್ಕೆ ಮೊದಲು ಚಿತ್ರ ಒಮ್ಮೆ ನೋಡಿಬಿಡೋಣ ಎಂದು ಇಮ್ತಿಯಾಜ್ ತಣ್ಣಗೆ ಹೇಳಿದ.

ಆದೇಶ ಬಂದ ಮೇಲೆ ಯಾರೂ ಕಿಟಕಿ ತೆರೆದು ಒಂದು ಬೋರ್ಡನ್ನೂ ನೋಡಿರಲಿಲ್ಲ. ನೋಡುವ ಕೆಲಸ ತಪ್ಪಿಸಲೆಂದೇ ಅಲ್ಲವೇ ಆದೇಶ ಬರೆದದ್ದು. ಅವಳು ಸತ್ತವರೊಬ್ಬರ ಬೋರ್ಡಿನ ಕಡತ ತೆರೆದಳು. ಹಸಿರು ಪರದೆಯ ಮೇಲೆ ತಾಮ್ರದ ಹಾಸು ಕೆಂಪಗೆ ಹರಡಿಕೊಂಡಿತು. ಅಂತರ ಅಳೆದಳು. ನಿಯಮಕ್ಕೆ ಸರಿಯಾಗಿ, ಕೂದಲೆಳೆಯಷ್ಟೂ ತಪ್ಪದೆ ಇತ್ತು. ನೋಡಿ, ನನ್ನದೇನೂ ತಪ್ಪಿಲ್ಲ ಎಂಬಂತೆ ಹಿಂದೆ ತಿರುಗಿದಳು. ಇಮ್ತಿಯಾಜ್ ಅವಳ ಮುಖ ನೋಡುತ್ತಿರಲಿಲ್ಲ, ಕೀಬೋರ್ಡು ನೋಡುತ್ತಿದ್ದ.

"ಅಕ್ಕಾರ, ಈಗ ಅಲ್ಲೆ ಏನೋ ಸರೀತಲ್ರೀ," ಎಂದ.

"ಎಲ್ಲಿ?"

"ತಾಮ್ರ. ನೀವು ತಗದಾಗ ತುದೀ ಮಗ್ಗಲಕ್ಕ ಇತ್ತು. ಆಮ್ಯಾಲ ಹಿಂದ ಸರೀತು. ಏನ್ ಒತ್ತಿದ್ರಿ?"

"ನಾ ಏನೂ ಒತ್ತಿಲ್ಲ."

"ಒತ್ತಿದ್ರಿ. ನಾ ಕಣ್ಣಾರೆ ನೋಡೇನ್ರೀ."

ಉಳಿಸದೆ ಮುಚ್ಚಿ ಮತ್ತೆ ತೆರೆದಳು. ಈ ಸಲ ಇಮ್ತಿಯಾಜ್ ಮುಂದೆ ಬಂದು ಅವಳ ಎಡಗೈಯ ಮಣಿಕಟ್ಟು ಹಿಡಿದುಕೊಂಡ. ಆಗ ಅವಳಿಗೆ ತೋರುಬೆರಳು ತಾನಾಗಿ ಕೆಳಗಿಳಿಯಲು ಹವಣಿಸುತ್ತಿರುವುದು ತಿಳಿಯಿತು. ಅದು ‘ಬಿ’ ಅಕ್ಷರದ ಮೇಲಿತ್ತು. ಪರದೆಯಲ್ಲಿ ತಾಮ್ರ ತುದಿಗೆ ಒರಗಿಕೊಂಡೇ ಇತ್ತು, ಸೂಕ್ಷ್ಮದರ್ಶಕದಲ್ಲಿ ಕಂಡ ಹಾಗೆಯೇ.

ತುದಿಯನ್ನು ಸರಿಸಿದಾಗ ಹಾಸು ತಾನಾಗಿ ಹಿಂದೆ ಸರಿಯುವುದಿಲ್ಲ. ಹೊಸದಾಗಿ ಹಾಸು ಎಂದು ಅದಕ್ಕೆ ಹೇಳಬೇಕು, ಕಿಟಕಿಯಲ್ಲಿ ಅದಕ್ಕೊಂದು ಕೀ ಇದೆ. ಬಿಲ್ಲೆ ಬರುವ ಮೊದಲೂ ಬೋರ್ಡುಗಳನ್ನೇ ಬಿಡಿಸುತ್ತಿದ್ದ ಅವಳು ಇಪ್ಪತ್ತೆರಡು ವರ್ಷದಿಂದ ಕಡತ ತೆರೆದ ಕೂಡಲೇ, ಏನೇ ಸರಿಸಿದ ಕೂಡಲೇ, ಆ ಕೀ ಒತ್ತುತ್ತ ಬಂದಿದ್ದಳು. ಬೆರಳಿಗೆ ಅದು ಎಷ್ಟು ರೂಢಿಯಾಗಿತ್ತೆಂದರೆ ಮನಸ್ಸಿಗೆ ವರದಿ ಮಾಡುವುದನ್ನೇ ಬಿಟ್ಟಿತ್ತು. ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಎಲ್ಲವೂ ಇತ್ತು, ಅದೊಂದು ಇರಲಿಲ್ಲ. ಕಪ್ಪು ಪರದೆಗೆ ಬೆರಳಿಲ್ಲ, ಹೇಳಿದ್ದನ್ನಷ್ಟೇ ಮಾಡಿತು. ಪ್ರತಿ ರೋಗಿಗೂ ತುದಿಗಳು ಸರಿದವು, ತಾಮ್ರ ಮಾತ್ರ ಮಾದರಿ ಬೋರ್ಡಿನಲ್ಲಿ ಎಲ್ಲಿತ್ತೋ ಅಲ್ಲೇ ಉಳಿಯಿತು. ಮಧ್ಯಮ ಮೈಕಟ್ಟಿನವರಿಗೆ ತುದಿ ಅಷ್ಟೇನೂ ಸರಿಯುವುದಿಲ್ಲ, ಅವರು ಬಚಾವಾದರು. ತೀರ ಸಣ್ಣವರು, ತೀರ ಎತ್ತರದವರು ಸಿಕ್ಕಿಬಿದ್ದರು. ಎತ್ತರದವರು ಎಂದುಕೊಂಡಾಗ ಅವಳಿಗೆ ಚಂಬಣ್ಣ ನೆನಪಾದ.

ಹಾಗಾದರೆ ನಿಯಮ ಪರೀಕ್ಷೆ ಹಿಡಿಯಬೇಕಿತ್ತಲ್ಲ ಎಂದು ಇಮ್ತಿಯಾಜ್ ಕೇಳಿದ. ಹಿಡಿದಿತ್ತು. ಆದೇಶದಲ್ಲಿ ಅವಳು ಪರೀಕ್ಷೆ ಮುಗಿಯಿತೇ ಎಂದು ಕೇಳಿದ್ದಳು; ಬೋರ್ಡು ಪಾಸಾಯಿತೇ ಎಂದು ಕೇಳಿರಲಿಲ್ಲ. ಜವಾನನನ್ನು ಕಳಿಸಿ ಪರೀಕ್ಷೆ ಮುಗಿಯಿತೇ ನೋಡಿ ಬಾ ಎಂದರೆ ಮುಗಿಯಿತು ಎಂದಷ್ಟೇ ಬಂದು ಹೇಳುತ್ತಾನೆ. ತಂತ್ರಾಂಶ ಪ್ರತಿ ಸಲವೂ ಮುಗಿಯಿತು ಎಂದಿತ್ತು, ಪ್ರತಿ ಸಲವೂ ತಪ್ಪುಗಳ ಪಟ್ಟಿ ಬರೆದು ಒಂದು ಮೂಲೆಯಲ್ಲಿ ಇಟ್ಟಿತ್ತು. ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಪಟ್ಟಿಗಳು ಯಾರೂ ತೆರೆಯದೆ ಬಿದ್ದಿದ್ದವು.

ಅವಳು ಒಂದು ಆದೇಶ ಬರೆದು ಆ ಪಟ್ಟಿಗಳನ್ನೆಲ್ಲ ಓದಿಸಿದಳು. ಎರಡೇ ನಿಮಿಷ ಹಿಡಿಯಿತು. ಒಂಬೈನೂರ ಹದಿನಾಲ್ಕು ಬೋರ್ಡುಗಳಲ್ಲಿ ತಪ್ಪಿತ್ತು. ಸತ್ತ ಹನ್ನೊಂದು ಜನರೂ ಅದರಲ್ಲಿದ್ದರು. ಚಂಬಣ್ಣನ ಸಂಖ್ಯೆಯೂ ಇತ್ತು.

ಆ ಸಂಜೆ ರಾಯಾಪುರದಿಂದ ನವನಗರದ ಮನೆಗೆ ಹೋಗುವ ಬಸ್ಸಿನಲ್ಲಿ ಅವನೇ ಕಂಡಕ್ಟರ್. ಬಾಗಿಲಲ್ಲಿ ನಿಂತು ಭೈರಿದೇವರಕೊಪ್ಪ, ಉಣಕಲ್, ವಿದ್ಯಾನಗರ ಎಂದು ಕೂಗುತ್ತಿದ್ದ. ರಸ್ತೆಯಾಚೆಯ ಪಾನ್ ಅಂಗಡಿಯವನೂ ತಿರುಗಿ ನೋಡುವಂಥ ಗಂಟಲು. ಬಸ್ಸಿನಲ್ಲಿ ಈಗ ಹೆಸರು ಹೇಳುವ ಯಂತ್ರವಿದೆ, ಇಂಪಾದ ಹೆಣ್ಣುದನಿಯಲ್ಲಿ ಅದೂ ಹೇಳುತ್ತಿತ್ತು, ಯಾರಿಗೂ ಕೇಳಿಸುತ್ತಿರಲಿಲ್ಲ. ಹೆಂಡತಿ ಹತ್ತಿದ್ದಾಳೆಂದು ಸೀಟು ಹಿಡಿದಿಟ್ಟವನಲ್ಲ ಚಂಬಣ್ಣ. ಅವಳು ಕಂಬ ಹಿಡಿದು ನಿಂತು, ಅವನ ಎದೆ ಏರಿಳಿಯುವುದನ್ನು ನಿಲ್ದಾಣ ಬರುವ ತನಕ ನೋಡುತ್ತಲೇ ಇದ್ದಳು. ಒಂದೊಂದು ಕೂಗಿಗೂ ಆ ಮೀಸೆ ಎಷ್ಟು ಬೆಳೆಯಿತೋ ಎಂದು ಎಣಿಸುವ ಹುಚ್ಚು ಅವಳಿಗೆ ಹಿಡಿಯಿತು.

ಮರುದಿನ ಡಾಕ್ಟರ್ ಹಂಚಿನಾಳರ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಸಭೆ ನಡೆಯಿತು. ಬಿಲ್ಲೆ ಕೂಡಿಸಿ ಹನ್ನೊಂದು ತಿಂಗಳೊಳಗಾದರೆ ತೆಗೆದು ಬೇರೆ ಹಾಕಬಹುದು. ಅಂಥವರು ಇನ್ನೂರ ಅರವತ್ತೆರಡು ಜನ, ಅವರಿಗೆ ಕರೆ ಹೋಗಲಿ ಎಂದಾಯಿತು. ಉಳಿದವರು ಆರುನೂರ ನಲವತ್ತೊಂದು. ಅವರ ಮೈ ಬಿಲ್ಲೆಯ ತುದಿಗಳನ್ನು ಹೀರಿಕೊಂಡು ನರದ ಜೊತೆ ಒಂದು ಮಾಡಿಬಿಟ್ಟಿರುತ್ತದೆ. ಬಿಲ್ಲೆ ಕಿತ್ತರೆ ನರವೂ ಕಿತ್ತು ಬರುತ್ತದೆ, ಮತ್ತೆ ತಟ್ಟಲು ಏನೂ ಉಳಿಯುವುದಿಲ್ಲ. ಹಳೆಯ ಉಸಿರಿನ ಯಂತ್ರಗಳಿಗೆ ಮರಳೋಣವೆಂದರೆ ಇದ್ದವೆಲ್ಲ ಇನ್ನೂ ಸಾಲಿನಲ್ಲಿರುವವರ ಕೊರಳಿಗೆ ಸೇರಿದ್ದವು.

ಇಮ್ತಿಯಾಜನ ಲೆಕ್ಕದಂತೆ, ಮೈಯಲ್ಲಿ ಕೂಡಿಸಿದ ಮೂರು ವರ್ಷದ ಸುತ್ತಮುತ್ತ ಬಿಲ್ಲೆ ಕೈಕೊಡುತ್ತದೆ. ಒಂದೇ ಉಪಾಯ ಇತ್ತು. ತಟ್ಟುವ ಬಲವನ್ನು ಅರ್ಧಕ್ಕೆ ಇಳಿಸಿದರೆ ಲೋಹದ ಮೀಸೆ ನಿಧಾನವಾಗಿ ಬೆಳೆಯುತ್ತದೆ, ಇನ್ನೂ ಒಂದೆರಡು ವರ್ಷ ಸಿಗಬಹುದು. ಉಸಿರೂ ಅರ್ಧವೇ. ಮೆಟ್ಟಿಲು ಹತ್ತುವ ಹಾಗಿಲ್ಲ, ಕೊಡ ಹೊರುವ ಹಾಗಿಲ್ಲ, ಗಟ್ಟಿಯಾಗಿ ಮಾತಾಡುವ ಹಾಗಿಲ್ಲ. ಬಿಲ್ಲೆಗಳು ಸದಾ ಕೇಂದ್ರದ ಜೊತೆ ಮಾತಾಡುತ್ತಲೇ ಇರುವುದರಿಂದ ಇಲ್ಲಿಂದಲೇ ಒಂದು ಆದೇಶ ಸಾಕು. ಅವರಿಗೆ ಹೇಳುವುದು ಯಾರು ಎಂದು ಇಮ್ತಿಯಾಜ್ ಕೇಳಿದ. ಹಂಚಿನಾಳರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಟ್ಟ ಮನುಷ್ಯರಲ್ಲ ಅವರು, ಹಿಂದಿನ ದಿನದಿಂದ ಊಟ ಬಿಟ್ಟಿದ್ದರು.

"ಹೇಳಿದ್ರ ಅವ್ರು ಏನ್ ಮಾಡಬೇಕ್ರೀ? ಉಳದ ದಿನ ಎದಿ ಮ್ಯಾಲ ಕೈ ಇಟಗೊಂಡು ಕುಂದರತಾರ. ಅದಕ್ಕಿಂತ ಗೊತ್ತಿಲ್ಲದ ಹೋಗೂದು ಪುಣ್ಯ," ಎಂದರು.

ಶುಕ್ರವಾರ ಬೆಳಿಗ್ಗೆ ನೀಲಾಂಬಿಕಾ ಆ ಆದೇಶ ಬರೆದಳು. ಈ ಸಲ ಎಲ್ಲವನ್ನೂ ಕೇಳಿದಳು: ತಲುಪಿತೇ, ಇಳಿಯಿತೇ, ಎಷ್ಟಕ್ಕೆ ಇಳಿಯಿತು. ಕೊನೆಗೆ ಒಂದು ಸಾಲು ಸೇರಿಸಿದಳು, ಇಂಥ ಸಂಖ್ಯೆ ಬಂದರೆ ಅದನ್ನು ಬಿಟ್ಟು ಮುಂದೆ ಹೋಗು ಎಂದು. ಭಾನುವಾರ ಚಂಬಣ್ಣನಿಗೆ ರಜೆ, ಅವತ್ತು ಹೇಳಿ, ಕೇಳಿ, ಆಮೇಲೆ ಇಳಿಸಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಎಂಟರ್ ಒತ್ತಿದಳು. ಆರುನೂರ ನಲವತ್ತು ಜನರ ಉಸಿರು ಅರ್ಧವಾಗಲು ಬಾವಿಯಿಂದ ಒಂದು ಕೊಡ ಸೇದುವಷ್ಟು ಹೊತ್ತೂ ಬೇಕಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೇಂದ್ರದ ಸಹಾಯವಾಣಿಗೆ ಕರೆಗಳು ಬರತೊಡಗಿದವು. ಯಾಕೋ ದಣಿವು, ಯಾಕೋ ಎದೆ ಹಿಡಿದ ಹಾಗೆ. ಬಿಸಿಲು ಜಾಸ್ತಿಯಾಗಿದೆ, ನೀರು ಕುಡಿಯಿರಿ ಎಂದು ಹೇಳಲು ಅಲ್ಲಿ ಕೂತವರಿಗೆ ಬರೆದುಕೊಟ್ಟಿದ್ದರು.

ಭಾನುವಾರ ಮಧ್ಯಾಹ್ನ ಚಂಬಣ್ಣ ಊಟ ಮುಗಿಸಿ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದ. ಅವಳು ಎದುರಿಗೆ ಕೂತಳು. ಹೇಗೆ ಶುರುಮಾಡಬೇಕೆಂದು ಎರಡು ದಿನ ಯೋಚಿಸಿದ್ದೆಲ್ಲ ಮರೆತುಹೋಗಿತ್ತು.

"ನಿಮ್ಮ ಬಿಲ್ಲೆ ಕೆಟ್ಟೈತ್ರೀ," ಎಂದಳು. "ನಾನ ಕೆಡಿಸೀನಿ."

ಅವನು ಇಸ್ತ್ರಿ ಪೆಟ್ಟಿಗೆ ಎತ್ತಿ ಬದಿಗಿಟ್ಟ. ಅವಳು ಒಂದೂ ಬಿಡದೆ ಹೇಳಿದಳು: ಕೀ, ತಾಮ್ರ, ಮೀಸೆ, ಹನ್ನೊಂದು ಸಾವು, ಬಿಲ್ಲೆ ತೆಗೆಯಲಾಗದ ಇನ್ನೂ ಆರುನೂರ ನಲವತ್ತು ಜನ, ಅವನಿಗೆ ಉಳಿದ ಐದು ತಿಂಗಳು. ಬಲ ಇಳಿಸಿದರೆ ವರ್ಷವೋ ಎರಡು ವರ್ಷವೋ, ಆದರೆ ಬಸ್ಸು ಹತ್ತಿ ಕೂಗುವುದು ಇನ್ನಿಲ್ಲ. ಸಿಟ್ಟಾಗುತ್ತಾನೆ ಎಂದುಕೊಂಡಿದ್ದಳು, ಆಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಅವಳ ಎಡಗೈಯನ್ನು ನೋಡಿ, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ತಾನು ಕಲಿಸುತ್ತಿದ್ದ ಕಾಲದ ಒಂದು ಸಂಗತಿ ಹೇಳಿದ.

"ಓಡೂ ಬಸ್ಸಿನಾಗ ಕಂಬಕ್ಕ ಸೊಂಟಾ ಆನಿಸಿ ನಿಂದರಬೇಕು ಅಂತ ನಾ ಯಾರಿಗೂ ಹೇಳಿರಲಿಲ್ಲ. ನಾ ಹಂಗ ನಿಂದರತೀನಂತ ನನಗ ಗೊತ್ತಿರಲಿಲ್ಲ. ಒಬ್ಬಾಂವ ಮೊದಲ್ನೇ ಬ್ರೇಕಿಗೇ ಬಿದ್ದು ಹಲ್ಲು ಮುರಕೊಂಡ."

ಕ್ಷಮಿಸಿದ್ದೇನೆ ಎಂದು ಅವನು ಹೇಳಲಿಲ್ಲ, ಹೇಳುವ ಜಾತಿಯೂ ಅಲ್ಲ. ಅಷ್ಟಕ್ಕೇ ನೀಲಾಂಬಿಕಾ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಇಷ್ಟು ದಿನ ತಡೆದಿಟ್ಟದ್ದೆಲ್ಲ ಬಂತು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, ಬಲ ಇಳಿಸಲೋ ಹಾಗೇ ಇರಲೋ ಎಂದು ಕೇಳಿದಳು. ಏನು ಹೇಳಿದರೂ ಹಾಗೇ ಮಾಡುತ್ತೇನೆ ಎಂದಳು.

"ಉಳದಾವ್ರು ಏನಂದ್ರು?" ಎಂದ ಚಂಬಣ್ಣ.

ಅವಳಿಗೆ ಪ್ರಶ್ನೆ ಕೂಡಲೇ ತಿಳಿಯಲಿಲ್ಲ.

"ಆರನೂರಾ ನಲವತ್ತು ಮಂದಿ ಅಂದೆಲ್ಲ. ಅವ್ರು ಏನಂದ್ರು? ಇಳಸು ಅಂದವ್ರ ಭಾಳೋ, ಬ್ಯಾಡ ಅಂದವ್ರ ಭಾಳೋ?"

ಅವರದನ್ನು ಶುಕ್ರವಾರವೇ ಇಳಿಸಿಯಾಯಿತು, ಯಾರಿಗೂ ಹೇಳಬಾರದೆಂದು ಮೇಲಿನಿಂದ ಮಾತಾಗಿದೆ ಎಂದಳು. ಹೇಳುತ್ತಿದ್ದಂತೆಯೇ ತನ್ನ ಮಾತು ತನಗೇ ಕೇಳಿಸಿತು. ಚಂಬಣ್ಣ ಇಸ್ತ್ರಿಯ ತಂತಿಯನ್ನು ಗೋಡೆಯಿಂದ ಕಿತ್ತು ಸುತ್ತತೊಡಗಿದ.

"ಮತ್ತ ನನ್ನ ಯಾಕ ಕೇಳಿದಿ?"

ಸುತ್ತಿದ ತಂತಿಯನ್ನು ಇಸ್ತ್ರಿ ಪೆಟ್ಟಿಗೆಯ ಮೇಲಿಟ್ಟು ಅವನೇ ಮುಂದೆ ಹೇಳಿದ.

"ನನ್ನ ಸರದಿ ಕಡೀಕ್ಕ ಇಡು ನೀಲಾ. ಅವ್ರನ್ನೆಲ್ಲಾ ಕೇಳು, ನಿನ್ನ ಬಾಯಿಂದನ ಕೇಳು. ಕಡೀ ಮನಿಷ್ಯಾ ಹೇಳಿದ ಮ್ಯಾಲ ನಾ ಹೇಳತೀನಿ. ಅಲ್ಲೀತನಾ ನಂದು ಮುಟ್ಟಬ್ಯಾಡ."

ಅವಳು ಕಾಡಿದಳು, ಬೇಡಿದಳು. ಒಂದೊಂದು ದಿನವೂ ನಿಮ್ಮ ಎದೆಯೊಳಗೇ ಖರ್ಚಾಗುತ್ತಿದೆ ಎಂದು ಕೂಗಾಡಿದಳು. ಹೇಳದೆಯೇ ಇಳಿಸಿಬಿಡುತ್ತೇನೆ ಎಂದೂ ಒಮ್ಮೆ ಬಾಯಿತಪ್ಪಿ ಅಂದಳು. ಅದಕ್ಕೆ ಅವನು, ಇಳಿಸಿದ ದಿನ ನನಗೆ ಗೊತ್ತಾಗುತ್ತದೆ, ಆಮೇಲೆ ಈ ಮನೆಯಲ್ಲಿ ಎಷ್ಟು ವರ್ಷ ಉಸಿರಾಡಿದರೂ ಒಂದೇ ಎಂದ. ಆ ಮಾತಿನ ಮುಂದೆ ಅವಳದು ಏನೂ ನಡೆಯಲಿಲ್ಲ.

ರಾತ್ರಿಯೆಲ್ಲ ಲೆಕ್ಕ ಹಾಕಿ ಸೋಮವಾರ ಬೆಳಗಿನ ಹೊತ್ತಿಗೆ ಅವಳಿಗೆ ಒಂದು ಆಸೆ ಹುಟ್ಟಿತ್ತು. ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ ಎಂದರೆ ದಿನಕ್ಕೆ ಇಪ್ಪತ್ತು ಜನರಿಗೆ ಹೇಳಿ ಮುಗಿಸಬಹುದು. ಮೂವತ್ತೆರಡು ದಿನ. ಅವನಿಗಿರುವುದು ಐದು ತಿಂಗಳು, ಮೂವತ್ತೆರಡು ದಿನ ಹೋದರೂ ನಾಲ್ಕು ಉಳಿಯುತ್ತವೆ. ಕೇಂದ್ರಕ್ಕೆ ಹೋಗಿ ಪಟ್ಟಿ ಮುಂದಿಟ್ಟುಕೊಂಡು ಕೂತಳು. ಏನು ಮಾಡಹೊರಟಿದ್ದಾಳೆಂದು ಇಮ್ತಿಯಾಜನಿಗೆ ಹೇಳಿದಳು. ಗೊತ್ತಾದರೆ ಕೆಲಸ ಹೋಗುತ್ತದೆ, ನೀವು ಇದರಲ್ಲಿ ಸೇರಬೇಡಿ ಎಂದೂ ಹೇಳಿದಳು. ಅವನು ಹೋಗಿ ಕಾರಿಡಾರಿನ ಬಾಗಿಲು ಹಾಕಿಕೊಂಡು ಬಂದ. ಯಾವ ಆದೇಶದಿಂದಲೂ ಈ ಕೆಲಸ ಮಾಡಿಸುವ ಹಾಗಿರಲಿಲ್ಲ.

ಪಟ್ಟಿಯ ಮೊದಲ ಹೆಸರು ಹುಲಿಗೆವ್ವ ಮಾದರ. ರೋಣ ತಾಲೂಕಿನ ಒಂದು ಹಳ್ಳಿ, ಅಂಗನವಾಡಿಯಲ್ಲಿ ಅಡುಗೆ ಕೆಲಸ. ನಾಲ್ಕನೆಯ ರಿಂಗಿಗೆ ಫೋನೆತ್ತಿದವಳ ದನಿ ದೂರದಿಂದ ನಡೆದು ಬಂದ ಹಾಗೆ ಸುಸ್ತಾಗಿತ್ತು. ನೀಲಾಂಬಿಕಾ ಹೆಸರು ಹೇಳಿದಳು. ಆ ಕಡೆಯಿಂದ ನಗು ಬಂತು. ಪ್ರತಿ ಬೋರ್ಡಿನ ಜೊತೆ ಹೋಗುವ ಚೀಟಿಯ ಮೇಲೆ ಬಿಡಿಸಿದವರ ಹೆಸರು ಇರಬೇಕೆಂದು ಕಾನೂನು. ಆದೇಶ ಪ್ರತಿ ಸಲವೂ ಅವಳ ಹೆಸರನ್ನೇ ಅಚ್ಚು ಹಾಕುತ್ತಿತ್ತು. ಹುಲಿಗೆವ್ವ ಆ ಚೀಟಿಯನ್ನು ದೇವರ ಫೋಟೋದ ಚೌಕಟ್ಟಿಗೆ ಸಿಕ್ಕಿಸಿ ಇಟ್ಟಿದ್ದಳಂತೆ.

"ನೀವು ನನಗ ಫೋನ್ ಹಚ್ಚೀರಲ್ರೀ ಅಕ್ಕಾರ," ಎಂದಳು. "ತಡೀರಿ, ಎಲ್ಲಾರ್ನೂ ಕರೀತೀನಿ. ನಿಮ್ಮ ದನಿ ಕೇಳಲಿ."

ಬೇಡ ಎನ್ನುವಷ್ಟರಲ್ಲಿ ಅವಳು ಕರೆದಾಗಿತ್ತು. ಗಂಡ ಬಂದ, ಅತ್ತೆ ಬಂದಳು, ಮಕ್ಕಳು ಬಂದವು. ಫೋನನ್ನು ಎಲ್ಲರಿಗೂ ಕೇಳಿಸುವ ಹಾಗೆ ಇಟ್ಟರು. ಅತ್ತೆ ಫೋನಿಗೆ ಬಾಯಿಹಚ್ಚಿ ನಿಮ್ಮ ಹೊಟ್ಟೆ ತಣ್ಣಗಿರಲಿ ಎಂದು ಹರಸಿದಳು. ಹುಲಿಗೆವ್ವ ಮೂರು ದಿನದ ದಣಿವನ್ನೂ ತಾನೇ ಹೇಳಿದಳು. ಬಿಸಿಲಿಗೆ ಹಾಗಾಗುತ್ತದಂತೆ, ಕೇಂದ್ರದವರೇ ಹೇಳಿದರು ಎಂದಳು. ನೀಲಾಂಬಿಕಾ ಕಣ್ಣು ಮುಚ್ಚಿಕೊಂಡಳು.

"ಬಿಸಿಲಿಗೆ ಅಲ್ಲವ್ವಾ," ಎಂದಳು. "ನಾ ಒಂದು ತಪ್ಪು ಮಾಡೀನಿ. ಅದನ್ನ ಹೇಳಾಕ ಫೋನ್ ಮಾಡೀನಿ."

ಹೇಳಿದಳು. ಚಂಬಣ್ಣನಿಗೆ ಹೇಳಿದ ಹಾಗೆಯೇ, ಒಂದೂ ಬಿಡದೆ. ತಾಮ್ರ, ಹಾಸು ಎಂದರೆ ಅವರಿಗೆ ಅರ್ಥವಾಗಲಿಲ್ಲ, ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಗಂಡ ಮೂರು ಸಲ ಅದೇ ಪ್ರಶ್ನೆ ಕೇಳಿದ, ತೆಗೆಸಿ ಬೇರೆ ಹಾಕಿಸಲು ಬರುವುದಿಲ್ಲವೇ ಎಂದು. ಮೂರು ಸಲ ಅವಳು ಇಲ್ಲ ಎಂದಳು. ಅತ್ತೆ ಅಳತೊಡಗಿದಳು. ಬೈದರೆ ಬೈಸಿಕೊಳ್ಳಲು ನೀಲಾಂಬಿಕಾ ಸಿದ್ಧವಾಗಿದ್ದಳು, ಅವರು ಬೈಯಲಿಲ್ಲ. ಗಡಿಯಾರ ನೋಡಿದಾಗ ಈ ಒಂದೇ ಕರೆಗೆ ಒಂದೂವರೆ ಗಂಟೆ ಕಳೆದುಹೋಗಿತ್ತು. ಕೊನೆಗೆ ಕೇಳಬೇಕಾದ್ದನ್ನು ಕೇಳಿದಳು: ಬಲ ಹೀಗೇ ಇರಲೋ, ಮೊದಲಿನಷ್ಟು ಏರಿಸಲೋ.

ಆ ಕಡೆ ಗುಸುಗುಸು ನಡೆಯಿತು. ಆಮೇಲೆ ಹುಲಿಗೆವ್ವಳ ದನಿ ಹತ್ತಿರ ಬಂತು.

"ನಾಳೀತನಾ ಕೊಡ್ರಿ ಅಕ್ಕಾರ. ತವರಮನಿಯವ್ರನ್ನೂ ಒಂದ ಮಾತು ಕೇಳತೀನಿ. ನಾಳೆ ಮತ್ತ ಹಚ್ಚರಿ."

ಯಾರಾದರೂ ಹೀಗೆ ಕೇಳಬಹುದು ಎಂಬುದು ಅವಳ ಲೆಕ್ಕದಲ್ಲಿರಲಿಲ್ಲ. ಎಲ್ಲರೂ ಕೇಳುತ್ತಾರೆ, ಕೇಳಬೇಕಾದ್ದೇ ಎಂದು ಆಗ ಹೊಳೆಯಿತು. ಈಗಲೇ ಹೇಳಿ ಎಂದು ಅವಸರಿಸಲು ಬಾಯಿ ತೆರೆದವಳು ಸುಮ್ಮನಾದಳು. ಆರುನೂರ ನಲವತ್ತು ಜನರಲ್ಲಿ ಮೊದಲಿನವಳು ಇನ್ನೂ ಹೇಳಿರಲಿಲ್ಲ.

"ಆಗಲಿ ಹುಲಿಗೆವ್ವ. ಸಾವಕಾಶ ಕೇಳಿ ಹೇಳು," ಎಂದಳು ನೀಲಾಂಬಿಕಾ.

ಚಂಬಣ್ಣನ ಸರದಿ ಇನ್ನೊಂದು ದಿನ ಹಿಂದಕ್ಕೆ ಹೋಯಿತು.